ಪದಚರ್ಚೆ: ‘ಸ್ನಾಯು ಸೆಳೆತ’ ಅನ್ನಬೇಕೋ, ‘ಮೀನಖಂಡ ಹಿಡ್ಕೊಂತು’ ಅನ್ನಬೇಕೋ?

ಬಳಗದ ಎಲ್ಲರಿಗೂ ನಮಸ್ಕಾರ.

ಮೆಟ್ಟಿಲು ಹತ್ತುವಾಗಲೋ ಓಡುವಾಗಲೋ ಕಾಲಿನ ಮಾಂಸಖಂಡ ಇದ್ದಕ್ಕಿದ್ದ ಹಾಗೆ ಕಲ್ಲಿನಂತೆ ಗಟ್ಟಿಯಾಗಿ, ಹೆಜ್ಜೆ ಎತ್ತೋಕೂ ಆಗದಷ್ಟು ನೋಯುತ್ತದಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ? ಪತ್ರಿಕೆಗಳಲ್ಲಿ ‘ಸ್ನಾಯು ಸೆಳೆತ’ ಅಂತ ಬರುತ್ತದೆ. ಜಿಮ್ಮಿಗೆ ಹೋಗುವ ಹುಡುಗರು ‘ಕ್ರ್ಯಾಂಪ್ ಆಯ್ತು’ ಅಂತಾರೆ. ನಮ್ಮಮ್ಮ ‘ಮೀನಖಂಡ ಹಿಡ್ಕೊಂತು’ ಅಂತಾರೆ. ಇವು ಮೂರೂ ಒಂದೇ ಅಂತ ನಾನು ಹೋದ ತಿಂಗಳವರೆಗೂ ತಿಳಿದಿದ್ದೆ.

ಮೈಸೂರಿನಲ್ಲಿ ನಾವೊಂದಿಷ್ಟು ಜನ ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ಹೊಸಬರಿಗೆ ಕೊಡಲು ಒಂದು ಪುಟದ ಹಾಳೆ ಮಾಡಿದ್ದೆವು. ಬರೆದವನು ನಾನೇ. ಅದರಲ್ಲಿ ಒಂದು ಸಾಲು: ‘ಕಾರ್ಬೋಹೈಡ್ರೇಟ್ ನಿರ್ಬಂಧಿತ ಆಹಾರಕ್ರಮದಲ್ಲಿರುವವರು ಸ್ನಾಯು ಸೆಳೆತ ಕಂಡುಬಂದಲ್ಲಿ ತಕ್ಷಣ ನಿಲ್ಲತಕ್ಕದ್ದು.’

ನಮ್ಮ ಸೋದರಮಾವ ಆ ಹಾಳೆ ಓದಿಯೇ ಬಂದಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಮೂರು ವಾರದಿಂದ ಅನ್ನ, ಮುದ್ದೆ, ಚಪಾತಿ ಎಲ್ಲ ತುಂಬಾ ಕಮ್ಮಿ ಮಾಡಿದ್ದರು. ಏಳುನೂರನೇ ಮೆಟ್ಟಿಲ ಹತ್ತಿರ ದೊಡ್ಡ ನಂದಿ ಇದೆಯಲ್ಲ, ಅದಕ್ಕೆ ಸ್ವಲ್ಪ ಮೊದಲೇ ಎರಡೂ ಕಾಲು ಒಟ್ಟಿಗೆ ಹಿಡಿದುಕೊಂಡವು. ಹಿಂದೆ ಇದ್ದವರು ಆತುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದರು. ಅದಕ್ಕೂ ಅರ್ಧ ಗಂಟೆ ಮೊದಲಿಂದ ಮೀನಖಂಡ ಆಗಾಗ ಪಟಪಟ ಅಂತ ಅದುರಿ, ಗಟ್ಟಿಯಾಗಿ, ಮತ್ತೆ ಬಿಡುತ್ತಿತ್ತಂತೆ. ‘ಹಾಳೆಯಲ್ಲಿ ಬರೆದಿತ್ತಲ್ಲ ಮಾವ’ ಅಂದೆ. ಅವರು ಹೇಳಿದ್ದು ಇದು: ‘ಸೆಳೆತ ಅಂತ ಬರ್ದಿದೆ ಕಣೋ. ಬೆಟ್ಟ ಹತ್ತೋವಾಗ ಕಾಲು ಸೆಳೀದೆ ಇರುತ್ತಾ? ಹಿಡ್ಕೊಳ್ಳುತ್ತೆ ಅಂತ ಬರ್ದಿದ್ರೆ ಅಲ್ಲೇ ಕೂತ್ಕೋತಿದ್ದೆ.’

ಅವರ ಮಾತು ಸರಿ. ನಮ್ಮ ಕಡೆ ಆಡುಮಾತಿನಲ್ಲಿ ‘ಕೈಕಾಲು ಸೆಳೆತ’ ಅಂದರೆ ಬೇರೆಯೇ. ಜ್ವರ ಬರುವ ಮುಂಚೆ, ದಿನವಿಡೀ ನಿಂತು ಕೆಲಸ ಮಾಡಿದ ಮೇಲೆ, ಕಾಲನ್ನು ಯಾರೋ ಮೆಲ್ಲಗೆ ಎಳೆಯುತ್ತಿರುವ ಹಾಗೆ ಬರುವ ನೋವು ಅದು. ಗಂಟೆಗಟ್ಟಲೆ ಇರುತ್ತದೆ. ಯಾರಾದರೂ ಕಾಲು ಒತ್ತಿದರೆ ಹಿತ. ಹೊಳೆಯ ನೀರಿಗೂ ಸೆಳೆತ ಇದೆ, ಮನಸ್ಸಿಗೂ ಸೆಳೆತ ಇದೆ. ಎಲ್ಲದರಲ್ಲೂ ಇರುವುದು ಒಂದೇ ಸಮನೆ ಎಳೆಯುವ ಗುಣ. ಚಕ್ಕನೆ ಬಂದು ಮಾಂಸವನ್ನು ಗಂಟು ಮಾಡುವ ನೋವಿಗೆ ಆ ಪದ ಹೊಂದುವುದಿಲ್ಲ. ಇದರ ಜೊತೆಗೆ ಮಕ್ಕಳಿಗೆ ಜ್ವರದಲ್ಲಿ ಬರುವ ಫಿಟ್ಸನ್ನೂ ‘ಸೆಳೆತ’, ‘ಸೆಳವು’ ಅಂತಲೇ ಬರೆಯುತ್ತಾರೆ. ಒಂದೇ ಪದದ ಮೇಲೆ ಇಷ್ಟು ಭಾರ ಹೊರಿಸಿದರೆ ಓದುವವರು ತಮಗೆ ಗೊತ್ತಿರುವ ಅರ್ಥವನ್ನೇ ತೆಗೆದುಕೊಳ್ಳುತ್ತಾರೆ.

‘ಹಿಡ್ಕೊಂತು’ ಅನ್ನೋದನ್ನು ನೋಡಿ. ಜ್ವರ ಹಿಡಿಯುತ್ತದೆ, ಜೋಮು ಹಿಡಿಯುತ್ತದೆ, ಹುಚ್ಚು ಹಿಡಿಯುತ್ತದೆ. ಅಲ್ಲೆಲ್ಲ ಹೊರಗಿನದೊಂದು ಬಂದು ನಮ್ಮನ್ನು ಹಿಡಿಯುತ್ತದೆ. ಮೀನಖಂಡ ಮಾತ್ರ ಹಿಡಿದು‘ಕೊಳ್ಳು’ತ್ತದೆ. ತನ್ನನ್ನು ತಾನೇ ಬಿಗಿಹಿಡಿದು ಬಿಡಲ್ಲ ಅನ್ನುತ್ತದೆ. ಒಳಗೆ ನಡೆಯೋದೂ ಅದೇ, ಸ್ನಾಯು ಕುಗ್ಗಿದ್ದು ಸಡಿಲ ಆಗದೆ ಉಳಿಯುತ್ತದೆ. ಇನ್ನೊಂದು ಅನುಕೂಲ, ಹಿಡಿಯುವುದಕ್ಕೆ ‘ಬಿಡುವುದು’ ಅಂತ ಜೋಡಿ ಇದೆ. ‘ಬಿಡುವವರೆಗೂ ಕಾಲು ಚಾಚಿ’ ಅಂತ ಬರೆದರೆ ಯಾರಿಗೂ ವಿವರಣೆ ಬೇಕಿಲ್ಲ. ಸೆಳೆತಕ್ಕೆ ಇಂಥ ಜೋಡಿ ಎಲ್ಲಿದೆ?

ಅಕ್ಕಪಕ್ಕದ ಭಾಷೆಗಳೂ ಹೆಚ್ಚುಕಮ್ಮಿ ಹೀಗೇ ಹೇಳುತ್ತವೆ. ತಮಿಳಿನಲ್ಲಿ ‘ತಸೈಪಿಡಿಪ್ಪು’. ಆ ‘ಪಿಡಿ’ ನಮ್ಮ ಹಳಗನ್ನಡದ ‘ಪಿಡಿ’ಯೇ, ಈಗಿನ ‘ಹಿಡಿ’. ತೆಲುಗಿನವರು ‘ಪಿಕ್ಕಲು ಪಟ್ಟೇಶಾಯಿ’ ಅಂತಾರೆ, ಅಲ್ಲೂ ಹಿಡಿಯೋದೇ. ಮರಾಠಿಯಲ್ಲಿ ‘ಪಾಯಾತ ಗೋಳಾ ಆಲಾ’, ಅಂದರೆ ಕಾಲಲ್ಲಿ ಉಂಡೆ ಬಂತು. ಕೈಯಿಟ್ಟು ನೋಡಿದರೆ ಉಂಡೆಯೇ ಸಿಗುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನದ 20ನೇ ಅಧ್ಯಾಯದಲ್ಲಿ 80 ವಾತರೋಗಗಳ ಪಟ್ಟಿ ಇದೆ. ಅಲ್ಲಿ ‘ಗುಲ್ಫಗ್ರಹ’, ‘ಪೃಷ್ಠಗ್ರಹ’ ಬರುತ್ತವೆ, ಕಾಲಿನ ಹರಡು ಹಿಡಿಯೋದು, ಬೆನ್ನು ಹಿಡಿಯೋದು. ಮೀನಖಂಡಕ್ಕೆ ಮಾತ್ರ ‘ಪಿಂಡಿಕೋದ್ವೇಷ್ಟನ’ ಅಂತ ಬೇರೆ ಹೆಸರು. ಉದ್ವೇಷ್ಟನ ಅಂದರೆ ತಿರುಚಿ ಸುತ್ತುವುದು. ಒದ್ದೆ ಬಟ್ಟೆ ಹಿಂಡುವ ಹಾಗೆ ಅನ್ನಿ. ಹಿಡಿದದ್ದು, ಉಂಡೆ ಕಟ್ಟಿದ್ದು, ಹಿಂಡಿದ್ದು, ಈ ಮೂರು ಚಿತ್ರಗಳೂ ಅನುಭವಕ್ಕೆ ಹತ್ತಿರ ಇವೆ.

‘ಸ್ನಾಯು’ ಪದವೂ ಸಲೀಸಲ್ಲ. ಆಯುರ್ವೇದದಲ್ಲಿ ಸ್ನಾಯು ಅಂದರೆ ಮೂಳೆ ಕೀಲುಗಳನ್ನು ಬಿಗಿಯುವ ಪಟ್ಟಿ, ಮಾಂಸಕ್ಕೆ ಪೇಶಿ ಅಂತಾರೆ. ಕನ್ನಡದ ಪಾಠಪುಸ್ತಕದಲ್ಲಿ ಸ್ನಾಯುವೇ ಮಾಂಸಖಂಡ. ಇರಲಿ, ಅದು ಈಗ ನೆಲೆಯೂರಿದೆ.

ಹೆಚ್ಚು ತೊಡಕಿನದು ‘ನರ’. ‘ನರ ಹಿಡ್ಕೊಂಡಿದೆ’, ‘ನರ ಎಳೀತಿದೆ’ ಅಂತ ಎಷ್ಟು ಜನ ಹೇಳೋಲ್ಲ! ಹಿಂದಿಯಲ್ಲೂ ‘ನಸ್ ಚಢ್ ಗಯೀ’ ಅಂತಾರೆ. ನಮ್ಮ ಮಾತಿನಲ್ಲಿ ಕೈಮೇಲೆ ಉಬ್ಬುವ ರಕ್ತನಾಳವೂ ನರ, ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯೂ ನರ, ಡಾಕ್ಟರು ಹೇಳುವ ನರವೂ ನರ. ಮಾವ ಮಾರನೇ ದಿನ ಒಂದು ಕ್ಲಿನಿಕ್ಕಿನಲ್ಲಿ ‘ನರ ಎಳೆಯುತ್ತೆ’ ಅಂದರು. ಸಕ್ಕರೆ ಕಾಯಿಲೆಯವರು ಹಾಗಂದರೆ ಯಾರಿಗಾದರೂ ಮೊದಲು ನರದೌರ್ಬಲ್ಯವೇ ನೆನಪಾಗುತ್ತದೆ. ವಿಟಮಿನ್ ಮಾತ್ರೆ ಬರೆದುಕೊಟ್ಟು ಕಳಿಸಿದರು. ಊಟ ಬದಲಾದ ವಿಷಯ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಆದರೂ ‘ನರ’ ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. 1920ರ ದಶಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಬೆವರಿಳಿಸಿ ಬರೀ ನೀರು ಕುಡಿಯುತ್ತಿದ್ದವರಿಗೆ ಹೀಗೆ ಹಿಡಿಯುತ್ತಿತ್ತು. ನೀರಿಗೆ ಉಪ್ಪು ಹಾಕಿ ಕುಡಿದಾಗ ಕಮ್ಮಿಯಾಯಿತು. ಹಾಗಾಗಿ ಉಪ್ಪಿನ ಕೊರತೆಯೇ ಕಾರಣ ಅಂತ ಬಹಳ ಕಾಲ ನಂಬಿಕೆ ಇತ್ತು. 1997ರಲ್ಲಿ ದಕ್ಷಿಣ ಆಫ್ರಿಕಾದ ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು ಇನ್ನೊಂದು ಮಾತು ಮುಂದಿಟ್ಟರು. ದಣಿದ ಸ್ನಾಯುವಿಗೆ ನರದಿಂದ ‘ಕುಗ್ಗು’ ಅನ್ನುವ ಸಂದೇಶ ಜಾಸ್ತಿಯಾಗಿ, ‘ಬಿಡು’ ಅನ್ನುವುದು ಕಮ್ಮಿಯಾಗುತ್ತದೆ ಅಂತ. ಚಾಚಿದರೆ ಬಿಡುವುದಕ್ಕೂ ಇದು ಹೊಂದುತ್ತದೆ. ಕಾರಣ ಒಂದೇ ಇರಬೇಕಿಲ್ಲ, ಎರಡೂ ಸೇರಬಹುದು. ‘ನರ ಹಿಡಿದಿದೆ’ ಅಂದ ಅಜ್ಜಿಯ ಮಾತಿನಲ್ಲಿ ಒಂದು ಎಳೆ ನಿಜ ಇದೆ ಅಂತ ನನಗೆ ಖುಷಿ.

ಅನುವಾದದ ಇನ್ನೊಂದು ಗುಂಡಿ ಇಲ್ಲೇ ಹೇಳಿಬಿಡುತ್ತೇನೆ. 2010ರಲ್ಲಿ ಅಮೆರಿಕದಲ್ಲೊಂದು ಪ್ರಯೋಗ ನಡೆಯಿತು. ವಿದ್ಯುತ್ ತಾಗಿಸಿ ಕಾಲಿನ ಹೆಬ್ಬೆರಳ ಸ್ನಾಯು ಹಿಡಿದುಕೊಳ್ಳುವಂತೆ ಮಾಡಿ, ಸೌತೆಕಾಯಿ ನೆನೆಹಾಕಿದ ವಿನೆಗರ್ ಉಪ್ಪುನೀರು ಕುಡಿಸಿದರು. ಬರೀ ನೀರು ಕುಡಿದಾಗಿಗಿಂತ ಬೇಗ ಬಿಟ್ಟಿತು. ಆ ಉಪ್ಪು ರಕ್ತ ಸೇರುವ ಮೊದಲೇ ಬಿಟ್ಟಿತ್ತು. ಇದನ್ನು ಕನ್ನಡದಲ್ಲಿ ‘ಉಪ್ಪಿನಕಾಯಿ ರಸ’ ಅಂತ ಬರೆದರೆ ನಮ್ಮವರು ಮಾವಿನಕಾಯಿಯ ಎಣ್ಣೆ ಖಾರ ನೆಕ್ಕುತ್ತಾರೆ. ದಯವಿಟ್ಟು ಹಾಗೆ ಬರೆಯಬೇಡಿ.

ಇನ್ನು ‘ಕಾರ್ಬೋಹೈಡ್ರೇಟ್ ನಿರ್ಬಂಧಿತ ಆಹಾರಕ್ರಮ’. ಇದನ್ನು ಬರೆದದ್ದಕ್ಕೆ ನನಗೇ ಬೇಸರವಾಗಿದೆ. ‘ಪಿಷ್ಟ ಕಡಿಮೆ ಮಾಡಿದವರು’ ಅಂದರೆ ಸಕ್ಕರೆ ಬೆಲ್ಲ ಹೊರಗೆ ಉಳಿಯುತ್ತವೆ. ‘ಅನ್ನ ಬಿಟ್ಟವರು’ ಅನ್ನೋದು ಜನ ಆಡುವ ಮಾತು, ಆದರೆ ಅನ್ನ ಬಿಟ್ಟು ಎರಡು ಮುದ್ದೆ ಉಣ್ಣುವವರೂ ತಾವು ಆ ಪಟ್ಟಿಯಲ್ಲಿದ್ದೇವೆ ಅಂದುಕೊಳ್ಳುತ್ತಾರೆ. ‘ಪಥ್ಯ’ ಒಳ್ಳೆಯ ಪದ, ಯಾವ ಪಥ್ಯ ಅಂತ ಜೊತೆಗೆ ಹೇಳಬೇಕು ಅಷ್ಟೆ.

ಈ ಪಥ್ಯಕ್ಕೂ ಕಾಲು ಹಿಡಿಯೋದಕ್ಕೂ ಏನು ನಂಟು ಅಂತ ಕೇಳಬಹುದು. ನಮ್ಮ ದೇಹ ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಸ್ನಾಯು ಮತ್ತು ಲಿವರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಗ್ರಾಂಗೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಉಪ್ಪನ್ನು ಹೆಚ್ಚಾಗಿ ಹೊರಹಾಕುತ್ತದೆ. ಮೊದಲ ವಾರಗಳಲ್ಲಿ ತೂಕ ಸರಸರ ಇಳಿಯೋದರಲ್ಲಿ ದೊಡ್ಡ ಪಾಲು ಇದೇ. ನಮ್ಮ ಊಟದಲ್ಲಿ ಇನ್ನೊಂದು ವಿಶೇಷ ಇದೆ. ಉಪ್ಪು ನಮ್ಮ ಹೊಟ್ಟೆಗೆ ಹೋಗೋದು ಅನ್ನದ ಮೇಲೆ ಕೂತು. ಸಾರು, ಹುಳಿ, ಉಪ್ಪಿನಕಾಯಿ, ಮಜ್ಜಿಗೆ ಎಲ್ಲ ಅನ್ನದ ಜೊತೆಗಾರರು. ಅನ್ನ ಹೋಯಿತು ಅಂದರೆ ಅವೂ ಹೋದವು. ಮಾವ ಮಾಡಿದ್ದೂ ಅದೇ, ಸಾರೇ ಬಿಟ್ಟಿದ್ದರು. ಈಗ ಅವರ ಡಾಕ್ಟರನ್ನು ಕೇಳಿಕೊಂಡು ಉಪ್ಪು ಹಾಕಿದ ಮಜ್ಜಿಗೆ ಕುಡಿದು ಬೆಟ್ಟಕ್ಕೆ ಬರುತ್ತಾರೆ. ಬಿಪಿ, ಮೂತ್ರಪಿಂಡದ ತೊಂದರೆ ಇರುವವರು, ಸಕ್ಕರೆಗೆ ಮಾತ್ರೆ ಇನ್ಸುಲಿನ್ ತೆಗೆದುಕೊಳ್ಳುವವರು ಕೇಳದೆ ಉಪ್ಪನ್ನೂ ಹೆಚ್ಚಿಸಬಾರದು, ಅನ್ನವನ್ನೂ ಬಿಡಬಾರದು.

ನನ್ನ ‘ಹಿಡಿ’ ಪದಕ್ಕೆ ನಾನೇ ಒಂದು ಆಕ್ಷೇಪ ಹೇಳುತ್ತೇನೆ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೆ ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ದೂರ ನಡೆದ ಮೇಲೆ ಮೀನಖಂಡ ನೋಯುತ್ತದೆ, ನಿಂತರೆ ಹೋಗುತ್ತದೆ. ಅವರೂ ‘ಕಾಲು ಹಿಡಿಯುತ್ತೆ’ ಅಂತಲೇ ಹೇಳುತ್ತಾರೆ. ಅದು ಡಾಕ್ಟರಿಗೆ ತೋರಿಸಲೇಬೇಕಾದ್ದು. ಅದಕ್ಕೂ ಇದಕ್ಕೂ ವ್ಯತ್ಯಾಸ ತೋರಿಸುವ ಮಾತು ಬೇಕು. ‘ಗಂಟು ಕಟ್ಟಿ ಹಿಡ್ಕೊಳ್ಳೋದು’ ಅಂದರೆ ಸಾಕೇ?

ಧಾರವಾಡ, ಕಲಬುರಗಿ, ಕರಾವಳಿ, ಮಲೆನಾಡಿನವರು ದಯವಿಟ್ಟು ನಿಮ್ಮ ಮನೆಯ ಮಾತು ಬರೆಯಿರಿ. ‘ಚಳಕು’ ಅನ್ನೋದನ್ನು ಸೊಂಟಕ್ಕಷ್ಟೇ ಬಳಸುತ್ತೀರಾ, ಮೀನಖಂಡಕ್ಕೂ ಬಳಸುತ್ತೀರಾ? ಬೆಳಗಾವಿ ಕಡೆ ಮರಾಠಿಯ ‘ಗೋಳಾ’ ಕನ್ನಡಕ್ಕೆ ಬಂದಿದೆಯೇ? ‘ಸೆಟೆದುಕೊಂಡಿತು’ ಅನ್ನುವವರು ಇದ್ದೀರಾ?

ಹಾಳೆಯ ಹೊಸ ಅಚ್ಚಿಗೆ ಈ ಸಾಲು ಬರೆದುಕೊಂಡಿದ್ದೇನೆ, ತಿದ್ದಿಕೊಡಿ: ‘ಅನ್ನ, ಮುದ್ದೆ, ಚಪಾತಿ, ಸಿಹಿ ತುಂಬಾ ಕಮ್ಮಿ ಮಾಡಿದ್ದೀರಾ? ಹತ್ತುವಾಗ ಮೀನಖಂಡ ಅದುರಿದರೆ, ಗಂಟು ಕಟ್ಟಿ ಹಿಡ್ಕೊಂಡರೆ ಅಲ್ಲೇ ಕೂತುಕೊಳ್ಳಿ. ಕಾಲು ನೀಡಿ, ಪಾದವನ್ನು ನಿಮ್ಮ ಕಡೆಗೆ ಎಳೆದು ಹಿಡಿಯಿರಿ. ಬಿಡುವವರೆಗೂ ಏಳಬೇಡಿ.’