1951ರ ಶೆವರ್ಲೆ: 6 ವೋಲ್ಟಿನ ಹಳೇ ಮೀಟರ್‌ಗಳನ್ನು 12 ವೋಲ್ಟಿನಲ್ಲಿ ಉಳಿಸಿಕೊಳ್ಳಬಹುದಾ?

ಚೆಂಬೂರಿನ ಅಳಿಯ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ 1951ರ ಶೆವರ್ಲೆ ಈಗ ನನ್ನ ಹತ್ತಿರ ಇದೆ. 6 ವೋಲ್ಟಿನ ಒಳ್ಳೆ ಬ್ಯಾಟರಿ ಸಿಗುವುದೇ ಕಷ್ಟ, ಮಳೆಗಾಲದಲ್ಲಿ ಹೆಡ್‌ಲೈಟ್ ತೀರಾ ಮಂಕು. ಹಾಗಾಗಿ 12 ವೋಲ್ಟಿಗೆ ಬದಲಾಯಿಸುತ್ತಿದ್ದೇವೆ. ಬಲ್ಬು, ಇಗ್ನಿಷನ್ ಕಾಯಿಲ್, ಹಾರ್ನ್ ರಿಲೇ ಎಲ್ಲಾ ಹೊಸದು. ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬಂದಿದೆ.

ಉಳಿದಿರುವುದು ಡ್ಯಾಶ್‌ಬೋರ್ಡ್. ಗ್ಯಾರೇಜಿನವರು ಹೊಸ ಮೀಟರ್ ಸೆಟ್ ಕೂರಿಸೋಣ ಅಂತಾರೆ. ನನಗೆ ಮನಸ್ಸಿಲ್ಲ. ಮಾವ ಆ ಮುಳ್ಳುಗಳ ಮೇಲೆ ಕಣ್ಣಿಟ್ಟೇ ಖಂಬಾಟ್ಕಿ ಘಾಟ್ ಹತ್ತಿಸಿ ಬೆಳಗಾವಿಗೆ ಹೋಗುತ್ತಿದ್ದರು. ವೋಲ್ಟೇಜ್ ಇಳಿಸಲು ಒಂದು ರೆಸಿಸ್ಟರ್ ಹಾಕಿದರೆ ಸಾಕಾ?

ಕುರ್ಲಾ ವೈರ್‌ಮನ್

ತೆಗೆಸಬೇಡಿ ಮಾರಾಯ್ರೇ, ದಯವಿಟ್ಟು! ಈ ಗಾಡಿಗಳನ್ನು ಜನರಲ್ ಮೋಟರ್ಸ್‌ನವರು ನಮ್ಮ ಮುಂಬೈಯ ಶಿವಡಿಯಲ್ಲೇ ಜೋಡಿಸುತ್ತಿದ್ದರು. 1928ರಲ್ಲಿ ಶುರುವಾಗಿ 1954ರಲ್ಲಿ ನಿಂತಿತು. ಅಸಲಿ ಡ್ಯಾಶ್ ಇರುವ ಗಾಡಿ ಈಗ ಎಷ್ಟು ಉಳಿದಿದೆ ಹೇಳಿ?

ಮೊದಲು ಯಾವುದಕ್ಕೆ ಕರೆಂಟ್ ಬೇಕು ಅಂತ ನೋಡಿ. ನಿಮ್ಮ ಗಾಡಿಯಲ್ಲಿ ಸ್ಪೀಡೋಮೀಟರ್ ಕೇಬಲ್‌ನಲ್ಲಿ ತಿರುಗುತ್ತದೆ. ಆಯಿಲ್ ಮೀಟರಿಗೆ ಸಣ್ಣ ಕೊಳವೆಯಲ್ಲಿ ಎಣ್ಣೆಯೇ ಬರುತ್ತದೆ. ಟೆಂಪರೇಚರ್ ಮೀಟರಿನದೂ ಕೊಳವೆಯೇ. ಇವಕ್ಕೆ ವೋಲ್ಟೇಜಿನ ಸಂಬಂಧವೇ ಇಲ್ಲ. ಆ ಟೆಂಪರೇಚರ್ ಕೊಳವೆಯನ್ನು ಮಾತ್ರ ಯಾರಿಗೂ ಬಗ್ಗಿಸಲು ಬಿಡಬೇಡಿ. ಮುರಿದರೆ ಮೀಟರೇ ಹೋಯಿತು. ಆಮ್ಮೀಟರ್ ಅಳೆಯುವುದು ಆಂಪಿಯರ್, ವೋಲ್ಟ್ ಅಲ್ಲ, ಅದೂ ಹಾಗೇ ಇರಲಿ. ಆದರೆ ಆಲ್ಟರ್ನೇಟರ್ ಎಷ್ಟು ಆಂಪಿಯರಿನದು ಅಂತ ನೋಡಿಕೊಳ್ಳಿ. ಆಮ್ಮೀಟರಿನ ಅಳತೆ ಮೀರಬಾರದು.

ಹಾಗಾದರೆ ಉಳಿದದ್ದು ಪೆಟ್ರೋಲ್ ಮೀಟರ್ ಒಂದೇ. ಅದರೊಳಗೆ ಎರಡು ಕಾಯಿಲ್ ಇವೆ, ಎರಡೂ ಮುಳ್ಳನ್ನು ತಮ್ಮ ಕಡೆ ಎಳೆಯುತ್ತವೆ. 12 ವೋಲ್ಟ್ ಕೊಟ್ಟರೂ ಎರಡರ ಎಳೆತವೂ ಒಟ್ಟಿಗೇ ಹೆಚ್ಚುವುದರಿಂದ ಮುಳ್ಳು ಹೆಚ್ಚುಕಮ್ಮಿ ಸರಿಯಾಗೇ ತೋರಿಸುತ್ತದೆ. ಅದಕ್ಕೇ ಎಷ್ಟೋ ಜನ ಹಾಗೇ ಬಿಟ್ಟುಬಿಡುತ್ತಾರೆ. ಆದರೆ ವೋಲ್ಟೇಜ್ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಅಷ್ಟು ಹಳೇ ಕಾಯಿಲ್ ಎಷ್ಟು ದಿನ ತಡೆದೀತು?

ರೆಸಿಸ್ಟರ್ ಬೇಡ. ಟ್ಯಾಂಕಿನೊಳಗೆ ತೇಲುವ ಫ್ಲೋಟ್ ಪೆಟ್ರೋಲ್ ಮಟ್ಟದಂತೆ ಕರೆಂಟಿಗೆ ಒಡ್ಡುವ ತಡೆ ಬದಲಿಸುತ್ತದೆ: ಖಾಲಿಯಲ್ಲಿ 0 ಓಮ್, ತುಂಬಿದಾಗ 30 ಓಮ್ ಆಸುಪಾಸು. ಪೆಟ್ರೋಲ್ ಇಳಿದಂತೆ ಕರೆಂಟ್ ಬದಲಾಗುತ್ತದೆ, ಅದರ ಜೊತೆ ರೆಸಿಸ್ಟರ್ ಇಳಿಸುವ ವೋಲ್ಟೇಜೂ ಬದಲಾಗುತ್ತದೆ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ 7806 ರೆಗ್ಯುಲೇಟರ್ ಕೇಳಿ. ಮೂರು ಕಾಲಿನ ಚಿಕ್ಕ ಐಸಿ, ಬೆಲೆ ಏನೂ ಇಲ್ಲ. ಒಳಗೆ 12 ಬರಲಿ, ಗಾಡಿ ಓಡುವಾಗ 14 ಬರಲಿ, ಹೊರಗೆ 6ಕ್ಕೆ ನಿಲ್ಲುತ್ತದೆ. ಒಳಬದಿಗೆ 0.33, ಹೊರಬದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಮುಂದೆ ಒಂದು ಸಣ್ಣ ಫ್ಯೂಸ್. ಮೀಟರ್ 0.2 ಆಂಪಿಯರ್ ಎಳೆದರೆ 1.6 ವ್ಯಾಟ್ ಶಾಖ ಹೊರಗೆ ಹೋಗಬೇಕು. ನಿಮ್ಮದು ನೆಗೆಟಿವ್ ಅರ್ತ್ ಗಾಡಿ, ಅಂದರೆ ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರಿದೆ. ಐಸಿಯ ಲೋಹದ ಬೆನ್ನು ಒಳಗಿಂದಲೇ ಅರ್ತ್ ಕಾಲಿಗೆ ಸೇರಿರುತ್ತದೆ. ಡ್ಯಾಶ್ ಹಿಂದೆ ಪೇಂಟ್ ಕೆರೆದು, ಬರೀ ತಗಡಿಗೆ ಬೋಲ್ಟ್ ಬಿಗಿಯಿರಿ. ಅರ್ತೂ ಆಯಿತು, ಶಾಖವೂ ಹೋಯಿತು.

ಪುಣೆ ಪ್ಲಿಮತ್

ವೈರ್‌ಮನ್ ಅಣ್ಣ ಹೇಳಿದ್ದು ಶೆವರ್ಲೆಗೆ ಸರಿ. ಆದರೆ ಇದನ್ನು ಓದಿ ಪ್ಲಿಮತ್, ಡಾಡ್ಜ್ ಇರುವವರು ಹಾಗೇ ಮಾಡಬೇಡಿ. ಆ ಕಾಲದ ನಮ್ಮ ಗಾಡಿಗಳು ಪಾಸಿಟಿವ್ ಅರ್ತ್. ಅದನ್ನು ಹಾಗೇ ಉಳಿಸಿಕೊಂಡರೆ 7806 ಅಲ್ಲ, ಅದರ ನೆಗೆಟಿವ್ ಜೋಡಿ 7906 ಬೇಕು. ಅದರ ಬೆನ್ನು ಅರ್ತ್ ಅಲ್ಲ, ಇನ್‌ಪುಟ್! ಮಧ್ಯೆ ಮೈಕಾ ಹಾಳೆ, ಬೋಲ್ಟಿಗೆ ಪ್ಲಾಸ್ಟಿಕ್ ವಾಷರ್ ಇಲ್ಲದೆ ಬಾಡಿಗೆ ಬಿಗಿದರೆ ನೇರ ಶಾರ್ಟ್. ಪುಣೆಯವರಿಗೆ ಇವೆಲ್ಲ ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಸಿಗುತ್ತವೆ.

ಚೆಂಬೂರಿನ ಅಳಿಯ

ತುಂಬಾ ಉಪಕಾರವಾಯಿತು ಅಣ್ಣಾ. ಡ್ಯಾಶ್‌ನಲ್ಲಿ ಗಡಿಯಾರವೂ ಇದೆ, ಅದನ್ನೂ ಇದೇ 7806ಕ್ಕೆ ಸೇರಿಸಲಾ? ಇನ್ನೊಂದು, ಈಗ ಪೆಟ್ರೋಲ್ ಮುಳ್ಳು ಯಾವಾಗಲೂ ಫುಲ್ ದಾಟಿಯೇ ನಿಂತಿರುತ್ತದೆ.

ಕುರ್ಲಾ ವೈರ್‌ಮನ್

ಗಡಿಯಾರ ಸೇರಿಸಬೇಡಿ. ಅದು ಆಗಾಗ ಒಂದು ಕ್ಷಣ ಜೋರಾಗಿ ಕರೆಂಟ್ ಎಳೆದು ತನ್ನ ಸ್ಪ್ರಿಂಗಿಗೆ ತಾನೇ ಕೀ ಕೊಟ್ಟುಕೊಳ್ಳುತ್ತದೆ. 7806 ಕೊಡುವುದು 1 ಆಂಪಿಯರ್ ಆಸುಪಾಸು, ಅದಕ್ಕೆ ಸಾಲದು. ಅರ್ಧ ಎಳೆದು ನಿಂತರೆ ಗಡಿಯಾರದ ಪಾಯಿಂಟ್ ಸುಡುತ್ತದೆ. ಅದಕ್ಕೆ ಬೇರೆ, ವೋಲ್ಟೇಜ್ ಇಳಿಸುವ ದೊಡ್ಡ ರೆಡ್ಯೂಸರ್ ಬೇಕು. ಸದ್ಯಕ್ಕೆ ವೈರ್ ಬಿಚ್ಚಿ ಟೇಪ್ ಸುತ್ತಿಡಿ.

ಮುಳ್ಳು ಫುಲ್ ದಾಟಿದೆ ಅಂದರೆ ಟ್ಯಾಂಕಿನ ಕಡೆ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ. 7806 ಹಾಕಿದ ಮೇಲೆ, ಪೆಟ್ರೋಲ್ ವಾಸನೆ ಇಲ್ಲದ ಕಡೆ, ಮೀಟರಿನ ಹಿಂದೆಯೇ ಆ ಟ್ಯಾಂಕಿನ ವೈರ್ ಕಳಚಿ, ಅದು ಕೂತಿದ್ದ ಮೀಟರಿನ ತುದಿಯಿಂದ ಒಂದು ತುಂಡು ವೈರನ್ನು ಬಾಡಿಗೆ ಮುಟ್ಟಿಸಿ ನೋಡಿ. ಮುಳ್ಳು ಖಾಲಿಗೆ ಬಂದರೆ ಮೀಟರ್ ಚೆನ್ನಾಗಿದೆ. ಆಗ ಟ್ಯಾಂಕಿನ ಅರ್ತ್ ಸರಿಯಿದೆಯಾ ನೋಡಿ. ಮುಂಬೈ ಹವೆಗೆ ಅಲ್ಲಿ ತುಕ್ಕು ಜಾಸ್ತಿ.