ಮಾನಸಿಕ ಆರೋಗ್ಯದ ಸೇವಾ ಸಂಸ್ಥೆಯಲ್ಲಿ ಕ್ಷೇತ್ರ ಕಾರ್ಯಕರ್ತನಾಗಿ ಸೇರಬಹುದೇ? (ಮಂಡ್ಯ ಜಿಲ್ಲೆ)

ಶಿಂಷಾದಂಡೆ (ಪ್ರಶ್ನೆ)

ನಾನು ಮಾನಸಗಂಗೋತ್ರಿಯಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮುಗಿಸಿ ನಾಲ್ಕು ವರ್ಷಗಳಾದವು. ಓದಿಗೆ ತಕ್ಕ ಕೆಲಸ ಆಗ ಸಿಗದೆ ಮದ್ದೂರಿನ ಕಿರುಸಾಲ ಕಂಪನಿಯೊಂದರಲ್ಲಿ ವಸೂಲಿಗೆ ಸೇರಿಕೊಂಡೆ. ವಾರ ವಾರ ಮಹಿಳಾ ಸಂಘಗಳ ಸದಸ್ಯರ ಮನೆಗಳಿಗೆ ಹೋಗಿ ಕಂತು ಎಣಿಸಿಕೊಂಡು ಬರುವುದು ನನ್ನ ಕೆಲಸ. ಬಲವಂತದ ವಸೂಲಿಯ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದ ಮೇಲೆ ನಮ್ಮ ಮಾತಿನ ಧಾಟಿ ಮೆತ್ತಗಾಗಿದೆಯೇ ಹೊರತು, ಬೈಕಿನ ಸದ್ದು ಕೇಳಿ ಬಾಗಿಲಿಗೆ ಬರುವವರ ಮುಖ ಬದಲಾಗಿಲ್ಲ.

ಈಗ ಮೈಸೂರಿನ ಸರಸ್ವತಿಪುರಂನಲ್ಲಿ ಕಚೇರಿಯಿರುವ ಸೇವಾ ಸಂಸ್ಥೆಯೊಂದು, ಪಾಂಡವಪುರ ಮತ್ತು ಕೆ.ಆರ್.ಪೇಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆ ಇರುವವರನ್ನು ಗುರುತಿಸಿ ಚಿಕಿತ್ಸೆಗೆ ಜೋಡಿಸುವ ಕೆಲಸಕ್ಕೆ ನನ್ನನ್ನು ಕರೆದಿದೆ. ಯೋಜನೆ ಎರಡು ವರ್ಷದ್ದು. ಈಗಿನ ಸಂಬಳ 24,000 ರೂಪಾಯಿ, ಅಲ್ಲಿ 18,500. ತಂದೆಯವರು ಇದನ್ನು ಕೇಳಿ, 'ಹುಚ್ಚರ ಜೊತೆ ಕೆಲಸ ಅಂದ್ರೆ ನಾಳೆ ಹೆಣ್ಣು ಯಾರು ಕೊಡ್ತಾರೆ?' ಎಂದರು.

ಅವರ ಮಾತಿನ ಹಿಂದೆ ನಮ್ಮ ಮನೆಯದೇ ಕಥೆಯಿದೆ. ನನ್ನ ಚಿಕ್ಕಪ್ಪ ಹಿತ್ತಲ ಕೋಣೆಯಲ್ಲೇ ಇಪ್ಪತ್ತು ವರ್ಷ ಕಳೆದು ತೀರಿಕೊಂಡರು. ಪ್ರತಿ ಅಮಾವಾಸ್ಯೆಗೆ ಅವರನ್ನು ಮಾದಪ್ಪನ ಬೆಟ್ಟಕ್ಕೆ ಕರೆದೊಯ್ದದ್ದು ನೆನಪಿದೆ. ವೈದ್ಯರ ಬಳಿಗೆ ಕರೆದೊಯ್ದದ್ದು ಒಮ್ಮೆಯೂ ನೆನಪಿಲ್ಲ. ಈ ಕೆಲಸದ ದಿನಚರಿ ನಿಜಕ್ಕೂ ಹೇಗಿರುತ್ತದೆ, ಇಂಥ ನೆನಪುಳ್ಳವನು ಇದಕ್ಕೆ ಕೈ ಹಾಕಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ವಿ.ಸಿ.ನಾಲೆ

ಹನ್ನೊಂದು ವರ್ಷಗಳಿಂದ ಇದೇ ಜಿಲ್ಲೆಯಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಮೂರು ಸಂಸ್ಥೆಗಳನ್ನು ದಾಟಿ ಬಂದಿದ್ದೇನೆ. ನಿಮ್ಮನ್ನು ಕರೆದಿರುವ ಸಂಸ್ಥೆಯ ಪ್ರಕಟಣೆಯಲ್ಲಿ 'ಆಪ್ತಸಮಾಲೋಚನೆ' ಎಂಬ ಪದ ಇದ್ದರೆ ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಎದುರುಬದುರು ಕೂತು ಮನಸ್ಸಿನ ಮಾತು ಆಲಿಸುವ ಸಂದರ್ಭ ತಿಂಗಳಿಗೆ ನಾಲ್ಕೈದು ಬಂದರೆ ಹೆಚ್ಚು. ಉಳಿದ ದಿನಗಳು ಮಾತ್ರೆ, ಬಸ್ಸು, ಕಾಗದಪತ್ರಗಳಲ್ಲೇ ಕಳೆಯುತ್ತವೆ.

ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಆ ದಿನ ಬರಬೇಕಾಗಿದ್ದು ಬಾರದವರ ಪಟ್ಟಿ ಹಿಡಿದು ಬುಧವಾರದಿಂದ ಮನೆ ಮನೆ ಅಲೆಯುವುದು ನಮ್ಮ ವಾರ. ಬಾರದಿರುವುದಕ್ಕೆ ಕಾರಣ ಬಹುತೇಕ ಕಾಯಿಲೆಗೆ ಸಂಬಂಧಿಸಿದ್ದಾಗಿರುವುದಿಲ್ಲ: ಕಬ್ಬಿನ ಕಟಾವು, ನಾಟಿ, ಕರೆತರುವವರಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಾನೊಂದು ವಿಚಿತ್ರ ಕಂಡಿದ್ದೇನೆ. ತಾಯಿಗೆ ಟಿಕೆಟ್ ಇಲ್ಲ, ಮಗನಿಗೆ ಇದೆ. ಹೀಗಾಗಿ ಮಗನನ್ನು ಮನೆಯಲ್ಲೇ ಬಿಟ್ಟು ತಾಯಿಯೊಬ್ಬಳೇ ಬಂದು ಮಾತ್ರೆ ಒಯ್ಯುತ್ತಾಳೆ. ಕಾರ್ಡಿನ ಮೇಲೆ 'ಹಾಜರು' ಎಂದಿರುತ್ತದೆ, ವೈದ್ಯರು ಆರು ತಿಂಗಳಿಂದ ರೋಗಿಯ ಮುಖ ನೋಡಿರುವುದಿಲ್ಲ.

ಮನೆಗೆ ಹೋದಾಗ ಮೊದಲು ಕಲಿಯಬೇಕಾದದ್ದು ಮಾತ್ರೆ ಎಣಿಸುವುದನ್ನು. ಕಿಕ್ಕೇರಿ ಹೋಬಳಿಯ ಒಬ್ಬ ತಾಯಿ ಮಗನ ಮಾತ್ರೆಗಳನ್ನು ಹಳೆಯ ಹಾರ್ಲಿಕ್ಸ್ ಡಬ್ಬಿಯಲ್ಲಿಟ್ಟಿದ್ದರು. 'ದಿನಾ ತಪ್ಪದಂಗೆ ಕೊಡ್ತಾ ಇವ್ನಿ ಕಣಪ್ಪ' ಎಂದರು. ಜಗಲಿಯ ಮೇಲೆ ಡಬ್ಬಿ ಸುರಿದು ನೋಡಿದರೆ, ಅಷ್ಟರಲ್ಲಿ ಮುಗಿದಿರಬೇಕಾಗಿದ್ದ 30ರಲ್ಲಿ 19 ಹಾಗೇ ಇದ್ದವು. ಆಕೆ ಸುಳ್ಳು ಹೇಳಿರಲಿಲ್ಲ. ಹಿಂದೊಮ್ಮೆ ಆಸ್ಪತ್ರೆಯಲ್ಲಿ 'ಸ್ಟಾಕ್ ಇಲ್ಲ' ಎನ್ನಿಸಿಕೊಂಡು ಬಂದವರು, ಮತ್ತೆ ಹಾಗಾದರೆ ಇರಲಿ ಎಂದು ಒಂದೊಂದು ಮಾತ್ರೆಯನ್ನೂ ಅಡಕತ್ತರಿಯಲ್ಲಿ ಇಬ್ಭಾಗ ಮಾಡಿ ಅರ್ಧರ್ಧ ಕೊಡುತ್ತಿದ್ದರು. ಮಗ ಗೆಲುವಾಗಿ ಕಂಡ ದಿನ ಅದನ್ನೂ ಉಳಿಸುತ್ತಿದ್ದರು. ವೈದ್ಯರು 'ಈ ಡೋಸಿಗೆ ಗುಣ ಕಾಣುತ್ತಿಲ್ಲ' ಎಂದು ಪ್ರಮಾಣ ಹೆಚ್ಚಿಸುವ ಹಂತದಲ್ಲಿದ್ದರು. ಅಡಕತ್ತರಿಯ ವಿಷಯ ಅವರಿಗೆ ಮುಟ್ಟಿಸಿದ್ದಷ್ಟೇ ಆ ತಿಂಗಳು ನಾನು ಮಾಡಿದ ಉಪಯುಕ್ತ ಕೆಲಸ.

ತಪ್ಪನ್ನೂ ಹೇಳಬೇಕು. ನಾನು ಮೊದಲು ಸೇರಿದ್ದ ಸಂಸ್ಥೆಯಲ್ಲಿ ಪ್ರತಿ ತಿಂಗಳು ಹೊಸದಾಗಿ ಗುರುತಿಸಿದವರ ಸಂಖ್ಯೆಗೇ ಬೆಲೆ. ಒಂದೂವರೆ ವರ್ಷದಿಂದ ಚೆನ್ನಾಗಿದ್ದು, ಆಲೆಮನೆ ಕೆಲಸಕ್ಕೆ ಮರಳಿದ್ದ ಒಬ್ಬರನ್ನು ನಾನು 'ಚೇತರಿಸಿಕೊಂಡವರು' ಎಂಬ ಕಾಲಂಗೆ ಸೇರಿಸಿ ಅವರ ಮನೆಗೆ ಹೋಗುವುದನ್ನು ಬಿಟ್ಟೆ. ಅಷ್ಟರಲ್ಲಿ ಸಂಬಂಧವೊಂದು ಕೂಡಿಬಂದಿದೆ. ಹೆಣ್ಣಿನ ಕಡೆಯವರ ಕಣ್ಣಿಗೆ ಬೀಳಬಾರದೆಂದು ಮನೆಯವರೇ ಮಾತ್ರೆ ನಿಲ್ಲಿಸಿದ್ದಾರೆ. ಮೂರು ತಿಂಗಳ ಮೇಲೆ ಅವರು ಮನೆ ಬಿಟ್ಟು ಹೋದರು. ದಿಕ್ಕಿಲ್ಲದೆ ಅಲೆಯುವ ಇಂಥವರನ್ನು ಪೊಲೀಸರು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆ ಕಾಯ್ದೆ ತಿಳಿದಿದ್ದ ಒಬ್ಬ ಹೆಡ್ ಕಾನ್‌ಸ್ಟೆಬಲ್ ರೈಲು ನಿಲ್ದಾಣದಲ್ಲಿ ಇವರನ್ನು ಕಂಡದ್ದು ನಮ್ಮ ಅದೃಷ್ಟ. ಅಂದಿನಿಂದ ಆ ಕಾಲಂ ತುಂಬುವಾಗ ನನ್ನ ಪೆನ್ನು ತಡೆಯುತ್ತದೆ.

ನಿಮ್ಮ ತಂದೆಯವರ ಮಾತು ತಪ್ಪೆಂದು ವಾದಕ್ಕಿಳಿಯಬೇಡಿ. ಆ ಮದುವೆಯ ಭಯವೇ ಹಳ್ಳಿಯಲ್ಲಿ ನಿಮಗೆ ದಿನವೂ ಎದುರಾಗುವಂಥದ್ದು. ಅದನ್ನು ಮನೆಯಲ್ಲೇ ಕಂಡಿರುವುದು ಒಳ್ಳೆಯದೇ ಆಯಿತು. ಬೆಟ್ಟದ ವಿಷಯವೂ ಹಾಗೆಯೇ: ಹರಕೆ ಹೊತ್ತವರ ಹತ್ತಿರ ಹರಕೆಯ ವಿರುದ್ಧ ಮಾತಾಡಿದ ಕಾರ್ಯಕರ್ತನಿಗೆ ಎರಡನೆಯ ಸಲ ಆ ಮನೆಯ ಬಾಗಿಲು ತೆರೆದದ್ದನ್ನು ನಾನು ಕಂಡಿಲ್ಲ. ಬೆಟ್ಟಕ್ಕೂ ಹೋಗಲಿ, ಹೋಗುವಾಗ ಮಾತ್ರೆಯ ಚೀಟಿಯನ್ನೂ ಜೇಬಿನಲ್ಲಿಟ್ಟುಕೊಳ್ಳಲಿ.

ಚಿಕ್ಕಪ್ಪನ ನೆನಪು ನಿಮಗೆ ಅರ್ಹತೆಯೂ ಅಲ್ಲ, ಅಡ್ಡಿಯೂ ಅಲ್ಲ. ಆದರೆ ಯಾವುದೋ ಒಂದು ಮನೆಯ ಹಿತ್ತಲಲ್ಲಿ ಅವರು ನಿಮ್ಮ ಎದುರು ಬಂದೇ ಬರುತ್ತಾರೆ. ಆ ಸಂಜೆ ನೀವು ಯಾರಿಗೆ ಫೋನ್ ಮಾಡಬಹುದು ಎಂಬುದನ್ನು ಸಂದರ್ಶನದಲ್ಲೇ ಕೇಳಿ. ತಿಂಗಳಿಗೊಮ್ಮೆ ಹಿರಿಯರೊಬ್ಬರು ಕೂತು ನಮ್ಮ ಪ್ರಕರಣಗಳನ್ನೂ ನಮ್ಮನ್ನೂ ಕೇಳುವ ಸಭೆ ಇದ್ದರೆ ಸೇರಿಕೊಳ್ಳಿ. 'ಇಲ್ಲಿ ನಾವೆಲ್ಲ ಒಂದೇ ಕುಟುಂಬದ ಥರ' ಎಂಬ ಉತ್ತರ ಬಂದರೆ ಅಂಥ ಸಭೆ ಇಲ್ಲವೆಂದು ತಿಳಿಯಿರಿ.

ಲೆಕ್ಕದಮೇಜು

ಮೇಲಿನವರು ಹಳ್ಳಿಯ ಮಾತು ಹೇಳಿದರು. ನಾನು ಇಂಥ ಸಂಸ್ಥೆಯ ಲೆಕ್ಕಪತ್ರ ನೋಡುವವನು, ಹಣದ ಮಾತು ಹೇಳುತ್ತೇನೆ. 'ಎರಡು ವರ್ಷದ ಯೋಜನೆ' ಎಂದರೆ ಎರಡು ವರ್ಷದ ಸಂಬಳ ಬ್ಯಾಂಕಿನಲ್ಲಿ ಕೂತಿದೆ ಎಂದಲ್ಲ. ಹಣ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಖಾತೆಯಿಂದ, ಅಂದರೆ 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ವ್ಯಯಿಸಬೇಕಾದ ಬಾಬತ್ತಿನಿಂದ ಬರುತ್ತಿದ್ದರೆ, ಮಾರ್ಚ್‌ಗೆ ಒಂದು ಲೆಕ್ಕ ಮುಗಿದು ಮುಂದಿನ ಕಂತು ಬರುವ ತನಕ ಏಪ್ರಿಲ್, ಮೇ ತಿಂಗಳು ಬರಿಗೈಯಲ್ಲಿ ಕಳೆಯುವ ಸಂಸ್ಥೆಗಳಿವೆ. ಹಣ ವಿದೇಶದ್ದಾದರೆ, ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚಕ್ಕೆ ಶೇ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಮೊದಲು ಈ ಮಿತಿ ಶೇ 50 ಇತ್ತು. ಹಾಗಾಗಿ ಒಬ್ಬನೇ ಮನುಷ್ಯ ಹಗಲು ಹಳ್ಳಿ ಸುತ್ತಿ ರಾತ್ರಿ ವರದಿ ಬರೆಯುವುದು ಸಾಮಾನ್ಯವಾಗಿದೆ.

18,500 ಎಂಬುದು ಕೈಗೆ ಬರುವ ಮೊತ್ತವೋ, ಭವಿಷ್ಯನಿಧಿ ಕಡಿತಕ್ಕೆ ಮುಂಚಿನದೋ ಕೇಳಿ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಭವಿಷ್ಯನಿಧಿ ಕಡ್ಡಾಯ. 'ನಾವು ಸೇವಾ ಸಂಸ್ಥೆ, ನಮಗೆ ಅನ್ವಯಿಸುವುದಿಲ್ಲ' ಎನ್ನುವವರನ್ನು ನಂಬಬೇಡಿ. ಪೆಟ್ರೋಲ್ ಸಂಬಳದೊಳಗೋ ಹೊರಗೋ ಎಂಬುದು ಅದಕ್ಕಿಂತ ಮುಖ್ಯ: ಎರಡು ತಾಲ್ಲೂಕು ಎಂದರೆ ಬೈಕಿನ ಖರ್ಚೇ ನಿಮ್ಮ ಸಂಬಳದಲ್ಲಿ ದೊಡ್ಡ ಪಾಲು ತಿನ್ನುತ್ತದೆ.

ಇನ್ನೊಂದು ವಿಷಯ. ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ ಹತ್ತಿರವಾದಂತೆ ದಾನಿಗಳಿಗೆ ಕಳಿಸಲು ರೋಗಿಗಳ ಫೋಟೊ ಬೇಕೆಂದು ಕೇಳುತ್ತಾರೆ. ಚಿಕಿತ್ಸೆಯಲ್ಲಿರುವವರ ಮಾಹಿತಿ ಗೋಪ್ಯವಾಗಿರಬೇಕು, ಅವರ ಒಪ್ಪಿಗೆಯಿಲ್ಲದೆ ಫೋಟೊ ಮಾಧ್ಯಮಕ್ಕೆ ಹೋಗಬಾರದು ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ. ಕೊಡದಿದ್ದರೆ ಕೆಲಸಕ್ಕೆ ಕುತ್ತು ಬರುವ ಕಡೆ ಇರುವುದಕ್ಕಿಂತ ಕಿರುಸಾಲವೇ ವಾಸಿ ಎಂದು ಹೇಳಬೇಕೆನ್ನಿಸುತ್ತದೆ, ಆದರೆ ನಿಮ್ಮ ಮೊದಲ ಪ್ಯಾರಾ ಓದಿದ ಮೇಲೆ ಹೇಳಲಾರೆ.

ಹಿಪ್ಪುನೇರಳೆ

ನಾನು ಈ ಕೆಲಸ ಮಾಡುವವಳಲ್ಲ; ಈ ಕೆಲಸ ಮಾಡುವವರು ನಮ್ಮ ಮನೆಗೆ ಬರುತ್ತಾರೆ. ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ. ಮಳವಳ್ಳಿ ತಾಲ್ಲೂಕಿನಲ್ಲಿ ನಮ್ಮದು ರೇಷ್ಮೆ ಸಾಕುವ ಮನೆ.

ಐದು ವರ್ಷದಲ್ಲಿ ನಾಲ್ವರು ಬದಲಾದರು. ಪ್ರತಿಯೊಬ್ಬರೂ ಹೊಸ ಫೈಲು ತೆರೆದು, 'ಯಾವಾಗಿನಿಂದ ಶುರುವಾಯಿತು?' ಎಂದು ಮೊದಲಿನಿಂದ ಕೇಳುತ್ತಾರೆ. ಅವನು ಕಾಲೇಜು ಬಿಟ್ಟದ್ದು, ನೆರೆಯವರ ಮೇಲೆ ಕಲ್ಲೆತ್ತಿದ್ದು, ಅಮ್ಮನನ್ನು ಅನುಮಾನಿಸಿ ಅನ್ನ ಬಿಟ್ಟದ್ದು, ಎಲ್ಲವನ್ನೂ ಅವನ ಎದುರಿನಲ್ಲೇ ಮತ್ತೆ ಹೇಳಬೇಕು. ಮೂರನೆಯವರು ಬಂದಾಗ ನನ್ನ ತಮ್ಮ ತಾನೇ ಎದ್ದು ರೇಷ್ಮೆ ಹುಳುವಿನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾವು ಅದನ್ನು ಕಾಯಿಲೆ ಮರುಕಳಿಸಿತೆಂದು ಹೆದರಿದೆವು. ಈಗ ಯೋಚಿಸಿದರೆ, ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ.

ನಾಲ್ಕನೆಯವರು ಮೊದಲ ಎರಡು ಭೇಟಿಯಲ್ಲಿ ಕಾಯಿಲೆಯ ಮಾತೇ ಎತ್ತಲಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಧಾರಣೆ ಎಷ್ಟಿದೆ, ಈ ಸಲ ಗೂಡು ಕಟ್ಟಿಸುವ ಚಂದ್ರಿಕೆಗೆ ಹುಳು ಸರಿಯಾಗಿ ಹತ್ತಿತೇ ಎಂದು ಅವನನ್ನು ಕೇಳಿದರು, ನನ್ನನ್ನಲ್ಲ. ಮೂರನೆಯ ಸಲ ಅವನೇ 'ಮಾತ್ರೆ ತಿಂದ್ರೆ ಕೈ ನಡುಗ್ತದೆ, ಸೊಪ್ಪು ಕತ್ತರಿಸಕ್ಕಾಗಲ್ಲ' ಎಂದ. ಆ ಮಾತನ್ನು ಅವನು ನಮ್ಮ ಹತ್ತಿರವೂ ಹೇಳಿರಲಿಲ್ಲ. ವೈದ್ಯರು ಔಷಧ ಬದಲಿಸಿದರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರುವ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದೆಂದು, ಶೇ 40ಕ್ಕಿಂತ ಕಡಿಮೆಯಿಲ್ಲದಂತೆ ಪ್ರಮಾಣಪತ್ರವಾದರೆ ಸೌಲಭ್ಯಗಳಿಗೆ ಅರ್ಜಿ ಹಾಕಬಹುದೆಂದು ನಮಗೆ ತಿಳಿಸಿದವರೂ ಅವರೇ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕರೆತಂದು, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗಾಗಿ ಐದು ಸಲ ಜಿಲ್ಲಾ ಆಸ್ಪತ್ರೆಗೆ ಜೊತೆಗೆ ಬಂದರು. ಅವರೂ ಈ ಮಾರ್ಚ್‌ಗೆ ಯೋಜನೆ ಮುಗಿಯಿತೆಂದು ಹೋಗಿಬಿಟ್ಟರು. ಯಾರನ್ನು ದೂರಬೇಕೋ ತಿಳಿಯದು.

ನೀವು ಸೇರುವುದಾದರೆ ಒಂದು ಕೋರಿಕೆ. ಹಳೆಯ ಫೈಲನ್ನು ಓದಿಕೊಂಡು ಬನ್ನಿ. ಬಿಟ್ಟು ಹೋಗುವ ದಿನ ಬಂದರೆ, ಮುಂದಿನವರನ್ನು ಒಂದು ಸಲ ಜೊತೆಗೆ ಕರೆತಂದು ಪರಿಚಯಿಸಿ ಹೋಗಿ.

ಕುಕ್ಕರಹಳ್ಳಿಏರಿ

ಒಂದು ತಿದ್ದುಪಡಿ ಮತ್ತು ಒಂದು ಎಚ್ಚರಿಕೆ. ಪ್ರಶ್ನೆ ಕೇಳಿದವರ ಪದವಿ ಕ್ಷೇತ್ರಕಾರ್ಯಕ್ಕೆ ಸಾಕು. ಆದರೆ ಸಂಸ್ಥೆ ನಿಮ್ಮ ಗುರುತಿನ ಚೀಟಿಯಲ್ಲಿ 'ಮನೋವೈದ್ಯಕೀಯ ಸಮಾಜ ಕಾರ್ಯಕರ್ತ' ಎಂದು ಅಚ್ಚು ಹಾಕಿಸಿದರೆ ಒಪ್ಪಬೇಡಿ. 2017ರ ಕಾಯ್ದೆ ಆ ಹೆಸರಿಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಎಂ.ಫಿಲ್. ಕೇಳುತ್ತದೆ. ಹಳ್ಳಿಯವರು ಹೇಗೂ ಎಲ್ಲರನ್ನೂ 'ಡಾಕ್ಟ್ರೇ' ಎನ್ನುತ್ತಾರೆ; ಅದನ್ನು ಪ್ರತಿ ಸಲವೂ ತಿದ್ದಬೇಕಾಗುತ್ತದೆ.

ವಿ.ಸಿ.ನಾಲೆ ಅವರು ಆಪ್ತಸಮಾಲೋಚನೆಯನ್ನು ಪಕ್ಕಕ್ಕಿಡಿ ಎಂದದ್ದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮೇಲೆ ಹಿಪ್ಪುನೇರಳೆಯವರು ವಿವರಿಸಿದ ಗೂಡಿನ ಧಾರಣೆಯ ಮಾತುಕತೆ ಇನ್ನೇನು? ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಲ್ಲಿದ್ದಾರೆಂದು ಕಂಡುಕೊಂಡಿತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹೊರಗಿದ್ದರು. ಅವರೆಲ್ಲರಿಗೂ ಮಾತ್ರೆಯೇ ಬೇಕಿಲ್ಲ.

ಎಚ್ಚರಿಕೆ ಇದು. ಮಂಡ್ಯದಲ್ಲಿ 2015ರ ಬೇಸಿಗೆ-ಮಳೆಗಾಲದಲ್ಲಿ ಕಬ್ಬು ಬೆಳೆಗಾರರ ಸಾವುಗಳು ಸರಣಿಯಾಗಿ ಆದದ್ದನ್ನು ಈ ಜಿಲ್ಲೆ ಮರೆತಿಲ್ಲ. ಸಾಲ ವಸೂಲಿಯಿಂದ ಬಂದ ನಿಮಗೆ ಅದರ ಭಾರ ಹೆಚ್ಚೇ ಗೊತ್ತು. ಸಾಯುವ ಮಾತಾಡಿದವರನ್ನು ಒಂಟಿಯಾಗಿ ಬಿಟ್ಟು ಬರಬಾರದು, ಅದನ್ನು ಗುಟ್ಟಾಗಿ ಇಟ್ಟುಕೊಳ್ಳುವುದಾಗಿ ಮಾತು ಕೊಡಬಾರದು. ಆ ದಿನವೇ ಹಿರಿಯರಿಗೆ, ವೈದ್ಯರಿಗೆ ತಿಳಿಸಬೇಕು. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದಾದ ಟೆಲಿಮನಸ್ ಸಹಾಯವಾಣಿಯ ಸಂಖ್ಯೆ 14416 ನಿಮ್ಮ ಫೋನಿನಲ್ಲಿಯೂ, ಹೋದ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆಯೂ ಇರಲಿ. ಪ್ರಯತ್ನಿಸಿ ಬದುಕುಳಿದವರ ಮನೆಯವರು 'ಕೇಸಾಗುತ್ತದೆ' ಎಂದು ಆಸ್ಪತ್ರೆಗೆ ಹೋಗಲು ಹಿಂಜರಿದರೆ, ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದೇ 2017ರ ಕಾಯ್ದೆಯ 115ನೇ ಕಲಂ ಹೇಳುವುದನ್ನು ಅವರಿಗೆ ತಿಳಿಸಿ.

ಶಿಂಷಾದಂಡೆ

ಎಲ್ಲರಿಗೂ ವಂದನೆಗಳು. ಸಂಸ್ಥೆಗೆ ನಿನ್ನೆ ಫೋನ್ ಮಾಡಿ ಕೇಳಿದೆ: ಪೆಟ್ರೋಲ್ ಪ್ರತ್ಯೇಕ, ಭವಿಷ್ಯನಿಧಿ ಇದೆ, ತಿಂಗಳ ಕೊನೆಯ ಶನಿವಾರ ಪ್ರಕರಣಗಳ ಸಭೆ ಇರುತ್ತದೆಯಂತೆ. ಹಿಂದಿನ ಕಾರ್ಯಕರ್ತರ ಫೈಲುಗಳ ಬಗ್ಗೆ ಕೇಳಿದಾಗ ಮಾತ್ರ ಒಂದು ಕ್ಷಣ ಸುಮ್ಮನಿದ್ದು, 'ಹುಡುಕಿ ಕೊಡುತ್ತೇವೆ' ಎಂದರು. ತಂದೆಯವರಿಗೆ ಅಡಕತ್ತರಿಯ ಪ್ರಸಂಗವನ್ನು ಓದಿ ಹೇಳಿದೆ. ಅವರು ಏನೂ ಹೇಳದೆ ಎದ್ದು ಹೋದರು. ರಾತ್ರಿ ಊಟಕ್ಕೆ ಕೂತಾಗ, ಚಿಕ್ಕಪ್ಪನಿಗೂ ಒಮ್ಮೆ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟಿದ್ದರೆಂದು, ಅವು ಮುಗಿದ ಮೇಲೆ ಮತ್ತೆ ತರಬೇಕೆಂದು ಯಾರೂ ಹೇಳಿರಲಿಲ್ಲವೆಂದು ತಿಳಿಸಿದರು. ನನಗೆ ಇದು ಗೊತ್ತೇ ಇರಲಿಲ್ಲ.

ಸೇರುವ ಮುನ್ನ ಒಂದು ಮಂಗಳವಾರ ಕೆ.ಆರ್.ಪೇಟೆಯ ಆಸ್ಪತ್ರೆಗೆ ಹೋಗಿ ನೋಡಿ ಬರಬಹುದೇ?

ವಿ.ಸಿ.ನಾಲೆ

ಬನ್ನಿ. ಒಳಗೆ ವೈದ್ಯರ ಕೋಣೆಗೆ ಬರುವಂತಿಲ್ಲ, ಹೊರಗಿನ ಬೆಂಚಿನ ಮೇಲೆ ಕೂರಿ. ಹತ್ತಕ್ಕೆ ಮುಂಚೆ ಬಂದರೆ ಬೆಂಚು ಸಿಗುತ್ತದೆ.