ನಮ್ಮ ಮುಂಬಯಿ ಗ್ರೂಪಿನಲ್ಲಿ ಚರ್ಮದ ಡಾಕ್ಟ್ರನ್ನು ಕೇಳಿ: ಯೋಗ ಶುರು ಮಾಡಿದೆ, ಕ್ರೀಮ್ ಬಿಡಲಾ?

ಪ್ರಶ್ನೆ (ಡೊಂಬಿವಲಿಯಿಂದ): ಡಾಕ್ಟ್ರೇ, ನಮಸ್ಕಾರ. ನನಗೆ 38 ವರ್ಷ. ಬೆಳಿಗ್ಗೆ ಏಳೂವರೆಗೆ ಲೋಕಲ್ ಹತ್ತಿದ್ರೆ ಮನೆ ಸೇರುವಾಗ ರಾತ್ರಿ ಎಂಟು. ಎರಡು ವರ್ಷದಿಂದ ಗದ್ದದ ಸುತ್ತ ಮೊಡವೆ, ಮೊಣಕೈ ಮಡಚುವಲ್ಲಿ ಇಸುಬು. ನಮ್ಮ ಸೊಸೈಟಿಯಲ್ಲಿ ಈಗ ಯೋಗ ಕ್ಲಾಸ್ ಶುರುವಾಗಿದೆ. ಸರ್ವಾಂಗಾಸನ ಮಾಡಿದ್ರೆ ರಕ್ತ ಮುಖಕ್ಕೆ ಇಳಿದು ಕಾಂತಿ ಬರುತ್ತೆ, ಬೆವರಲ್ಲಿ ಮೈಯ ವಿಷ ಎಲ್ಲ ಹೊರಗೆ ಹೋಗುತ್ತೆ, ಮೂರು ತಿಂಗಳಲ್ಲಿ ಕ್ರೀಮೇ ಬೇಡ ಅಂತಾರೆ ಟೀಚರ್. ನಮ್ಮತ್ತೆಯೂ ಅದಕ್ಕೆ ಹೌದೌದು ಅಂತಿದ್ದಾರೆ. ಏನು ಮಾಡಲಿ?

ಡಾಕ್ಟರ್: ಕ್ರೀಮ್ ಬಿಡಬೇಡಿ, ಯೋಗವನ್ನೂ ಬಿಡಬೇಡಿ. ಅತ್ತೆಗೆ ನನ್ನ ನಮಸ್ಕಾರ ಹೇಳಿ.

ತಲೆ ಕೆಳಗೆ ಮಾಡಿದಾಗ ಮುಖ ಕೆಂಪಾಗೋದು ನಿಜ. ಎದ್ದು ಕೂತ ಸ್ವಲ್ಪ ಹೊತ್ತಿಗೆ ಆ ಕೆಂಪು ಹೋಗುತ್ತೆ. ಅದು ಕಾಂತಿ ಅಲ್ಲ. ಕೆಲವರಿಗೆ ಕಣ್ಣಿನ ಸುತ್ತ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ ಏಳುತ್ತವೆ. ಉಸಿರು ಬಿಗಿಹಿಡಿದು ಒದ್ದಾಡಿದ್ದರ ಗುರುತು. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತೆ, ಹಾಗಾಗಿ ಗ್ಲಾಕೋಮಾ (ಕಣ್ಣಿನ ಒತ್ತಡದಿಂದ ನೋಟದ ನರ ಹಾಳಾಗುವ ಕಾಯಿಲೆ) ಇದ್ದವರು ಆ ಕಡೆ ಹೋಗಲೇಬಾರದು. ಬಿ.ಪಿ. ಹೆಚ್ಚಿದ್ದವರು ಡಾಕ್ಟರ್ ಹತ್ರ ಕೇಳದೆ ತಲೆ ಕೆಳಗೆ ಮಾಡಬಾರದು. ಇನ್ನು ಬೆವರು ಅಂದ್ರೆ ಬಹುಪಾಲು ನೀರು, ಉಪ್ಪು. ವಿಷ ತೆಗೆಯೋ ಕೆಲಸ ಲಿವರ್, ಕಿಡ್ನಿಗಳದ್ದು.

ಹಾಗಾದ್ರೆ ಯೋಗದಿಂದ ಚರ್ಮಕ್ಕೆ ಲಾಭ ಇಲ್ವಾ? ಇದೆ, ಆದ್ರೆ ಬೇರೆ ದಾರಿಯಿಂದ ಬರುತ್ತೆ. ನಿಮ್ಮ ದಿನಚರಿ ಓದಿದ್ರೇ ಗೊತ್ತಾಗುತ್ತೆ, ಒತ್ತಡ ತುಂಬಾ, ನಿದ್ದೆ ಕಡಿಮೆ. ಒತ್ತಡದಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಏರುತ್ತೆ, ಮುಖದ ಎಣ್ಣೆ ಗ್ರಂಥಿಗಳು ಚುರುಕಾಗ್ತವೆ, ಚರ್ಮದ ಮೇಲ್ಪದರ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳೋದು ನಿಧಾನವಾಗುತ್ತೆ. ಇಸುಬು ಇದ್ದವರಿಗೆ ತುರಿಕೆ ಕೆರಳುತ್ತೆ. ಕೆರೆದಷ್ಟೂ ಚರ್ಮ ದಪ್ಪ, ದಪ್ಪವಾದಷ್ಟೂ ತುರಿಕೆ. ಯೋಗ ಕೈ ಹಾಕೋದು ಈ ಚಕ್ರಕ್ಕೆ.

ನಮ್ಮೂರಿನವರೊಬ್ಬರು, ಹೋಟೆಲ್ ಗಲ್ಲಾದಲ್ಲಿ ಕೂರುವವರು, ಕಾಲಿನ ಇಸುಬಿಗೆ ಬಂದಿದ್ರು. ನಾನು ಮೊದಲು ನೋಡಿದ್ದು ಅವರ ಉಗುರು. ಪಾಲಿಶ್ ಹಾಕಿದ ಹಾಗೆ ಮಿರಿಮಿರಿ ಮಿಂಚ್ತಿತ್ತು. ಕೆರೆದು ಕೆರೆದು ಬಂದ ಹೊಳಪು ಅದು, "ನಾನು ಕೆರೆಯೋದೇ ಇಲ್ಲ ಡಾಕ್ಟ್ರೇ" ಅಂದವರನ್ನೂ ಹಿಡಿದುಕೊಡುತ್ತೆ. ಮುಲಾಮಿನ ಜೊತೆ ಒಂದೇ ಪಾಠ ಕೊಟ್ಟೆ: ರಾತ್ರಿ ಮಲಗುವ ಮುಂಚೆ ಶವಾಸನ, ಅಂಗೈ ಮೇಲ್ಮುಖ, ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ. ತುರಿಕೆ ಬಂದ್ರೆ ಕೈ ಎತ್ತದೆ ಹತ್ತು ಉಸಿರು ಕಾಯೋದು. ಮೊದಲ ವಾರ ನನ್ನನ್ನು ಬೈದ್ರಂತೆ. ಎರಡು ತಿಂಗಳಿಗೆ ಬಂದಾಗ ಉಗುರಿನ ಮಿಂಚು ಮಂಕಾಗಿತ್ತು, ಕಾಲೂ ತಿಳಿಯಾಗ್ತಿತ್ತು.

1998ರಲ್ಲಿ ಧ್ಯಾನವನ್ನು ಚಿಕಿತ್ಸೆಗೆ ತಂದ ಅಮೆರಿಕದ ಜಾನ್ ಕಬಾಟ್-ಜಿನ್ ತಂಡದವರು ಸೋರಿಯಾಸಿಸ್ (ಚರ್ಮ ಕೆಂಪಾಗಿ ಪೊರೆ ಏಳುವ ಕಾಯಿಲೆ) ಇದ್ದ 37 ರೋಗಿಗಳ ಮೇಲೆ ಒಂದು ಪ್ರಯೋಗದ ವರದಿ ಕೊಟ್ಟಿದ್ರು. ಬೆಳಕಿನ ಚಿಕಿತ್ಸೆ ಎಲ್ಲರಿಗೂ. ಕೆಲವರಿಗೆ ಮಾತ್ರ ಆ ಹೊತ್ತಲ್ಲಿ ಧ್ಯಾನದ ಟೇಪ್ ಕೇಳಿಸಿದ್ರು. ಟೇಪ್ ಕೇಳಿದವರ ಚರ್ಮ ಬೇಗ ತಿಳಿಯಾಯ್ತು. ಅವರ ಚಿಕಿತ್ಸೆಯನ್ನು ಯಾರೂ ನಿಲ್ಲಿಸಿರಲಿಲ್ಲ ಅನ್ನೋದನ್ನು ನಿಮ್ಮ ಟೀಚರಿಗೂ ಹೇಳಿ.

ನಿಮಗೆ ಸಂಜೆ ಸರ್ವಾಂಗಾಸನದ ಸಾಹಸ ಬೇಡ. ಸೊಂಟದ ಕೆಳಗೆ ದಿಂಬಿಟ್ಟು ಕಾಲನ್ನು ಗೋಡೆಗೆ ಒರಗಿಸಿ ಹತ್ತು ನಿಮಿಷ ಮಲಗಿ, ಸಾಕು. ಹೀಗೆ ದಿಂಬು, ಕಂಬಳಿ, ಹಗ್ಗ ಇಟ್ಟು ಆಸನ ಮಾಡಿಸೋದನ್ನು ಪುಣೆಯಲ್ಲಿದ್ದುಕೊಂಡೇ ಜಗತ್ತಿಗೆ ಕಲಿಸಿದವರು ನಮ್ಮ ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್.

ಅಂದ ಹಾಗೆ, ತಲೆಗೆ ತೆಂಗಿನೆಣ್ಣೆ ಹಚ್ಚಿ ಕ್ಲಾಸಿಗೆ ಹೋಗ್ತೀರಾ? ಬೆವರಿನ ಜೊತೆ ಹಣೆಗೆ, ಕೆನ್ನೆಗೆ ಇಳಿದು ಮೊಡವೆ ಜಾಸ್ತಿ ಮಾಡುತ್ತೆ.

ಪ್ರಶ್ನೆ (ಬೊರಿವಲಿ): ರಿಟೈರ್ ಆದ ಮೇಲೆ ದಿನಾ ಒಂದು ಗಂಟೆ ಪದ್ಮಾಸನ. ಎರಡೂ ಕಾಲಿನ ಹೊರಗಂಟಿನ ಮೇಲೆ ಚರ್ಮ ಕಪ್ಪಾಗಿ ಜಡ್ಡುಗಟ್ಟಿದೆ. ಏನಾದ್ರೂ ರೋಗವಾ?

ಡಾಕ್ಟರ್: ಇಲ್ಲ ಸರ್, ನೆಲದ ಉಜ್ಜಾಟ ಅಷ್ಟೇ. ಟವೆಲ್ ಮಡಚಿ ಗಂಟಿನ ಕೆಳಗಿಡಿ. ಕಲ್ಲಲ್ಲಿ ತಿಕ್ಕಬೇಡಿ.

ಪ್ರಶ್ನೆ (ಠಾಣೆ): ಡಾಕ್ಟ್ರೇ, ನನ್ನದು ಉಲ್ಟಾ ಕತೆ. ಜೂನ್ 21ರ ಯೋಗ ದಿನಕ್ಕೆ ಅಂತ ಕ್ಲಾಸ್ ಸೇರಿದೆ, ಆಗಸ್ಟ್ ಒಳಗೆ ಸೊಂಟಕ್ಕೆ, ತೊಡೆ ಸಂದಿಗೆ ಗಜಕರ್ಣ. ಮೆಡಿಕಲ್‌ನವನು ಕೊಟ್ಟ ಟ್ಯೂಬ್ ಹಚ್ಚಿದ್ರೆ ನಾಲ್ಕು ದಿನ ಆರಾಮ, ಮತ್ತೆ ದುಪ್ಪಟ್ಟು.

ಡಾಕ್ಟರ್: ಮುಂಬಯಿ ಮಳೆಗಾಲದಲ್ಲಿ ಇದು ನನ್ನ ಕ್ಲಿನಿಕ್‌ನ ನಿತ್ಯದ ಕತೆ. ಎರಡು ದಿನ ಒಣಹಾಕಿದ್ರೂ ತಣ್ಣಗೇ ಇರುವ ಲೆಗ್ಗಿಂಗ್ಸು, ಹತ್ತು ಜನ ಮಲಗಿ ಎದ್ದ ಕ್ಲಾಸಿನ ಮ್ಯಾಟು, ಬೆವರಲ್ಲೇ ಮನೆತನಕ ಪ್ರಯಾಣ. ಫಂಗಸ್ಸಿಗೆ ಇನ್ನೇನು ಬೇಕು?

ಆ ಟ್ಯೂಬ್‌ನ ಹೆಸರಿನ ಕೆಳಗಿನ ಸಣ್ಣಕ್ಷರ ಓದಿ. ಕ್ಲೋಬೆಟಾಸಾಲ್, ಬೆಕ್ಲೊಮೆಥಾಸೋನ್ ಅಂತಿದ್ರೆ ಅದು ಸ್ಟಿರಾಯ್ಡ್. ತುರಿಕೆ ಅಡಗುತ್ತೆ, ಕೆಂಪು ಇಳಿಯುತ್ತೆ, ಫಂಗಸ್ ಒಳಗೊಳಗೇ ಹಬ್ಬುತ್ತೆ. ತೊಡೆ ಸಂದಿಯ ಚರ್ಮ ತೆಳುವಾಗಿ ಬಿಳಿ ಗೆರೆ ಬಿದ್ದರೆ ಅದು ಹೋಗಲ್ಲ. ಇವತ್ತೇ ನಿಲ್ಲಿಸಿ, ಯಾರಾದ್ರೂ ಚರ್ಮದ ಡಾಕ್ಟರಿಗೆ ತೋರಿಸಿ. ಔಷಧಿ ವಾರಗಟ್ಟಲೆ ಬೇಕಾಗುತ್ತೆ, ಕಲೆ ಮಾಯವಾಯ್ತು ಅಂತ ನಡುವೆ ಬಿಡಬೇಡಿ. ಮನೆಯಲ್ಲಿ ಬೇರೆಯವರಿಗೂ ಇದ್ರೆ ಅವರಿಗೂ ಒಟ್ಟಿಗೇ ಚಿಕಿತ್ಸೆ, ಇಲ್ಲಾಂದ್ರೆ ಟವೆಲ್ ಮೇಲೆ ವಾಪಸ್ ಬರುತ್ತೆ. ವಾಸಿಯಾಗೋ ತನಕ ಮನೆಯಲ್ಲೇ ಆಸನ ಮಾಡಿ, ಆಮೇಲೂ ಸ್ವಂತ ಮ್ಯಾಟ್, ಸಡಿಲ ಹತ್ತಿ ಬಟ್ಟೆ. ಬಟ್ಟೆ ಒಣಗದಿದ್ರೆ ಒಳಗಿನಿಂದ ಇಸ್ತ್ರಿ ಹಾಕಿ.

ಪ್ರಶ್ನೆ (ಮುಲುಂಡ್): ಟೆರೇಸಲ್ಲಿ ಒಂಬತ್ತು ಗಂಟೆಗೆ ಸೂರ್ಯನಮಸ್ಕಾರ ಮಾಡ್ತೇನೆ. ಕೆನ್ನೆಯ ಬಂಗು ಹೆಚ್ಚಾದ ಹಾಗಿದೆ.

ಡಾಕ್ಟರ್: ಹೆಚ್ಚಾಗಿರುತ್ತೆ. ಸೂರ್ಯ ಮೇಲೇರುವ ಮುಂಚೆ ಮಾಡಿ, ಇಲ್ಲಾ ಹಾಲ್‌ನಲ್ಲಿ ಪೂರ್ವಕ್ಕೆ ಮುಖ ಮಾಡಿ ಮಾಡಿ. ದೇವರು ಬೇಜಾರು ಮಾಡ್ಕೊಳ್ಳಲ್ಲ. ಹೊರಗೆ ಹೋಗುವಾಗ ಸನ್‌ಸ್ಕ್ರೀನ್.

ಪ್ರಶ್ನೆ (ಕಲ್ಯಾಣ್): ಮಗಳಿಗೆ 15. ಕತ್ತಿನ ಹಿಂದೆ ಕಪ್ಪು, ಮುಟ್ಟಿದ್ರೆ ದಪ್ಪ. ಕಡಲೆಹಿಟ್ಟು, ನಿಂಬೆಹಣ್ಣು ತಿಕ್ಕಿ ಸಾಕಾಯ್ತು. ಯಾವ ಆಸನ ಹೇಳಿಕೊಡಲಿ?

ಡಾಕ್ಟರ್: ಮೊದಲು ತಿಕ್ಕೋದು ನಿಲ್ಲಿಸಿ ಅಕ್ಕ, ಅದು ಕೊಳೆ ಅಲ್ಲ. ಹೆಚ್ಚಿನ ಸಲ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದಕ್ಕೆ ಚರ್ಮ ಹಾಕಿದ ಬೋರ್ಡು. ಮುಟ್ಟು ಸರಿಯಾಗಿ ಆಗ್ತಿದೆಯಾ, ತೂಕ ಏರಿದೆಯಾ ನೋಡಿ, ಸಕ್ಕರೆ ಪರೀಕ್ಷೆ ಮಾಡಿಸಿ. ಇಲ್ಲಿ ಯೋಗ ನೇರವಾಗಿ ಕೆಲಸಕ್ಕೆ ಬರುತ್ತೆ, ಕೂತು ಮಾಡುವ ಮುದ್ರೆ ಅಲ್ಲ, ಉಸಿರು ಏರುವ ಹಾಗೆ ಬಿರುಸಾಗಿ ಸೂರ್ಯನಮಸ್ಕಾರ. ಜೊತೆಗೆ ವಡಾಪಾವ್, ಕೋಲ್ಡ್ ಡ್ರಿಂಕ್ಸ್ ಕಡಿಮೆ. ತೂಕ ಇಳಿದ ಹಾಗೆ ಕಪ್ಪೂ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಯುತ್ತೆ.

ಕಲ್ಯಾಣ್: ಫೋಟೊ ಹಾಕಲಾ ಡಾಕ್ಟ್ರೇ?

ಡಾಕ್ಟರ್: ಗ್ರೂಪಿಗೆ ಬೇಡ ಅಕ್ಕ, ಅವಳ ಕ್ಲಾಸಿನವರ ಅಮ್ಮಂದಿರೂ ಇಲ್ಲೇ ಇರಬಹುದು. ರಿಪೋರ್ಟ್ ಬಂದ ಮೇಲೆ ಅವಳನ್ನೇ ಕರ್ಕೊಂಡು ಬನ್ನಿ.